ಕೂಫಾದ ರೇಷ್ಮೆ ವ್ಯಾಪಾರಿ ಮತ್ತು ಬಡ ವಿದ್ಯಾರ್ಥಿ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲೇ ದೊಡ್ಡದೆಂದು ಹೆಸರಾದುದು. ಕನಕಪುರ ಮತ್ತು ಮಾಗಡಿಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ರೈತನ ಗೂಡು ಅಲ್ಲಿ ಹರಾಜಾಗಿ ರಾಮನಗರದ ಅಥವಾ ಚನ್ನಪಟ್ಟಣದ ರೀಲರುಗಳ ಕೈಸೇರುತ್ತದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ತೆಗೆಯುವ ತಾಯಂದಿರ ಬೆರಳುಗಳು ಸಂಜೆಯ ಹೊತ್ತಿಗೆ ಬಿಳುಚಿ ಸುಕ್ಕುಗಟ್ಟಿರುತ್ತವೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುವವರ ಮನೆಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಈ ಮನೆಗಳ ಮಕ್ಕಳು ಇಂದು ಓದುತ್ತಿದ್ದಾರೆ. ಒಳ್ಳೆಯ ಅಂಕಗಳನ್ನೂ ಪಡೆಯುತ್ತಿದ್ದಾರೆ. ಆದರೆ ಕಾಲೇಜಿನ ಬಾಗಿಲಿಗೆ ಹೋದಾಗ ಪುಸ್ತಕಕ್ಕಿಂತ ಮೊದಲು ಅವರ ಕೈಗೆ ಬರುವುದು ಸಾಲದ ಅರ್ಜಿ.

ಪ್ರಿಯ ಓದುಗರೇ, ವಿದ್ಯೆಗಾಗಿ ಮಾಡಿದ ಸಾಲವನ್ನು ಮನ್ನಾ ಮಾಡಬೇಕೇ? ಕಾಲೇಜು ಶಿಕ್ಷಣ ಉಚಿತವಾಗಬೇಕೇ? ಈ ಪ್ರಶ್ನೆಯನ್ನು ಇಂದು ಅಮೆರಿಕದಿಂದ ಹಿಡಿದು ನಮ್ಮ ಮೊಹಲ್ಲಾಗಳವರೆಗೆ ಎಲ್ಲರೂ ಕೇಳುತ್ತಿದ್ದಾರೆ. ಉತ್ತರ ಹುಡುಕುವ ಮೊದಲು ಒಬ್ಬ ಮಹಾನುಭಾವರ ಜೀವನದ ಕಡೆಗೆ ಸ್ವಲ್ಪ ನೋಡೋಣ. ಅವರೂ ರೇಷ್ಮೆಯ ವ್ಯಾಪಾರಿಯೇ. ಅವರೇ ಇಮಾಮೆ ಆಝಮ್ ಅಬೂ ಹನೀಫ(ರ). ಈ ನಾಲ್ಕು ತಾಲೂಕುಗಳ ಮಸೀದಿಗಳಲ್ಲಿ ನಮ್ಮಲ್ಲಿ ಬಹುಮಂದಿ ನಮಾಝ್ ನಿರ್ವಹಿಸುವುದು ಅವರ ಮದ್ಹಬಿನ ಪ್ರಕಾರ. ಆದರೆ ಅವರ ಅಂಗಡಿ ಹೇಗಿತ್ತು, ಅವರ ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ನಾವು ಎಷ್ಟು ಮಂದಿ ಬಲ್ಲೆವು?

ಅಂಗಡಿಯಿಂದ ಜ್ಞಾನದ ಕಡೆಗೆ

ಅವರ ಹೆಸರು ನುಅಮಾನ್ ಬಿನ್ ಸಾಬಿತ್. ಹಿಜರಿ 80ರಲ್ಲಿ, ಅಂದರೆ ಕ್ರಿ.ಶ. 699ರಲ್ಲಿ, ಇರಾಕಿನ ಕೂಫಾ ನಗರದಲ್ಲಿ ಜನಿಸಿದರು. ಅವರ ಅಜ್ಜ ಕಾಬೂಲಿನ ಕಡೆಯವರೆಂದು ಚರಿತ್ರೆಕಾರರು ಬರೆದಿದ್ದಾರೆ. ಮನೆತನದ ಕಸುಬು ಬಟ್ಟೆ ವ್ಯಾಪಾರ. ರೇಷ್ಮೆ ಮತ್ತು ಉಣ್ಣೆ ಸೇರಿಸಿ ನೇಯುವ ಖಝ್ಝ್ ಎಂಬ ಬೆಲೆಬಾಳುವ ಬಟ್ಟೆಯನ್ನು ಅವರು ಮಾರುತ್ತಿದ್ದರು. ಯೌವನದಲ್ಲಿ ಅವರ ದಿನಗಳು ಮಾರುಕಟ್ಟೆಯಲ್ಲೇ ಕಳೆಯುತ್ತಿದ್ದವು.

ಒಂದು ದಿನ ಮಾರುಕಟ್ಟೆಗೆ ಹೋಗುತ್ತಿದ್ದ ಈ ಯುವಕನನ್ನು ಆ ಕಾಲದ ದೊಡ್ಡ ವಿದ್ವಾಂಸರಾದ ಇಮಾಮ್ ಶಅಬೀ(ರ) ತಡೆದು, ಎಲ್ಲಿಗೆ ಹೋಗುವೆಯೆಂದು ವಿಚಾರಿಸಿದರು. ವ್ಯಾಪಾರಕ್ಕೆ ಎಂಬ ಉತ್ತರ ಬಂತು. ಹುಡುಗನ ಕಣ್ಣಿನಲ್ಲಿ ಚುರುಕುತನವಿದೆ, ವಿದ್ವಾಂಸರ ಸಭೆಗಳಿಗೂ ಹೋಗಬೇಕು ಎಂದು ಅವರು ಬುದ್ಧಿ ಹೇಳಿದರು. ಆ ಮಾತು ನಾಟಿತು. ಮುಂದೆ ನುಅಮಾನರು ಹಮ್ಮಾದ್ ಬಿನ್ ಅಬೀ ಸುಲೈಮಾನ್(ರ) ಎಂಬ ಗುರುಗಳ ಬಳಿ ಸೇರಿ 18 ವರ್ಷ ಬಿಡದೆ ಕಲಿತರು. ಹಿಜರಿ 120ರಲ್ಲಿ ಗುರುಗಳು ತೀರಿಕೊಂಡಾಗ ಅವರ ಪೀಠದಲ್ಲಿ ಕುಳಿತು ಪಾಠ ಹೇಳುವ ಹೊಣೆ ಇವರ ಮೇಲೆ ಬಂತು. ಆಗ ಅವರಿಗೆ ಹಿಜರಿ ಲೆಕ್ಕದಲ್ಲಿ 40 ವರ್ಷ. ಗುರುವಿನ ಮೇಲಿನ ಪ್ರೀತಿಯಿಂದ ತಮ್ಮ ಮಗನಿಗೂ ಹಮ್ಮಾದ್ ಎಂದೇ ಹೆಸರಿಟ್ಟಿದ್ದರು.

ಒಂದು ವಿಷಯ ಗಮನಿಸಿ. ಗುರುಪೀಠಕ್ಕೆ ಬಂದರೂ ಅವರು ಅಂಗಡಿ ಮುಚ್ಚಲಿಲ್ಲ. ವಿದ್ಯೆಯನ್ನು ಮಾರಿ ಬದುಕಬಾರದು, ಆಡಳಿತಗಾರರ ಮುಂದೆ ಕೈಚಾಚಬಾರದು ಎಂಬ ಛಲ ಅವರದು. ಖಲೀಫರ ಅರಮನೆಯಿಂದ ಬಂದ ಉಡುಗೊರೆಗಳನ್ನು ಅವರು ಹಿಂದಿರುಗಿಸುತ್ತಿದ್ದರು. ಅಂಗಡಿಯ ಲಾಭವೇ ಅವರ ಸ್ವಾತಂತ್ರ್ಯದ ಗುಟ್ಟಾಗಿತ್ತು.

ತಕ್ಕಡಿಯಲ್ಲಿ ತಖ್ವಾ

ಅವರ ವ್ಯಾಪಾರ ಎಂಥದು? ಒಮ್ಮೆ ಒಬ್ಬ ಹೆಂಗಸು ರೇಷ್ಮೆಯ ಉಡುಪೊಂದನ್ನು ಮಾರಲು ತಂದಳು. ಆಕೆ ಕೇಳಿದ್ದು 100 ದಿರ್ಹಮ್. ಅದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ ಎಂದು ಇಮಾಮರು ಹೇಳಿದರು. ಆಕೆ ನೂರು ನೂರಾಗಿ ಏರಿಸುತ್ತಾ 400ಕ್ಕೆ ಬಂದಳು. ಇನ್ನೂ ಹೆಚ್ಚಾಗಬೇಕೆಂದಾಗ, ಇವರು ತನ್ನನ್ನು ಹಾಸ್ಯ ಮಾಡುತ್ತಿದ್ದಾರೆಂದು ಆಕೆಗೆ ಅನಿಸಿತು. ಕೊನೆಗೆ ಬೆಲೆ ಕಟ್ಟಬಲ್ಲವನೊಬ್ಬನನ್ನು ಕರೆಸಿದರು. ಉಡುಪು 500 ದಿರ್ಹಮ್‌ಗೆ ಹೋಯಿತು. ಕೊಳ್ಳುವವನೇ ಮಾರುವವಳ ಪರವಾಗಿ ಬೆಲೆ ಏರಿಸಿದ ಹರಾಜು ಇದು! ನಮ್ಮ ಗೂಡಿನ ಮಾರುಕಟ್ಟೆಯಲ್ಲಿ, ತೂಕದಲ್ಲಿ, ಲೆಕ್ಕದಲ್ಲಿ ಕೈಯಾಡಿಸುವವರು ಯಾರಾದರೂ ಇದ್ದರೆ ಈ ಘಟನೆಯನ್ನು ಎರಡು ಬಾರಿ ಓದಲಿ.

ಇನ್ನೊಮ್ಮೆ ಅವರ ಪಾಲುದಾರರಾದ ಹಫ್ಸ್ ಬಿನ್ ಅಬ್ದುರ್ರಹ್ಮಾನ್ ಎಂಬವರು ದೋಷವಿದ್ದ ಬಟ್ಟೆಯೊಂದನ್ನು, ದೋಷ ತಿಳಿಸಲು ಮರೆತು ಮಾರಿಬಿಟ್ಟರು. ಕೊಂಡವನು ಯಾರೆಂದು ಪತ್ತೆಯಾಗಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲಾ ದಾನ ಮಾಡಿಬಿಟ್ಟರು.

ಹೀಗೆ ಶುದ್ಧವಾಗಿ ಬಂದ ಲಾಭ ಎಲ್ಲಿಗೆ ಹೋಗುತ್ತಿತ್ತು? ಅವರು ಬಗ್ದಾದಿಗೆ ಸರಕು ಕಳುಹಿಸಿ, ಅಲ್ಲಿಂದ ಬೇರೆ ಸರಕು ಕೂಫಾಕ್ಕೆ ತರಿಸುತ್ತಿದ್ದರು. ಆ ವ್ಯಾಪಾರದ ಲಾಭವನ್ನು ವರ್ಷವಿಡೀ ಕೂಡಿಟ್ಟು ವಿದ್ವಾಂಸರಿಗೂ ಹದೀಸ್ ಕಲಿಯುವವರಿಗೂ ಬೇಕಾದ ಆಹಾರ, ಬಟ್ಟೆ, ಇತರ ಅಗತ್ಯಗಳನ್ನು ಕೊಂಡು ಕೊಡುತ್ತಿದ್ದರು. ಉಳಿದ ಹಣವನ್ನೂ ಅವರ ಕೈಗೇ ಹಾಕುತ್ತಿದ್ದರು. ಅಷ್ಟು ಕೊಟ್ಟ ಮೇಲೂ, ಇದು ತಮ್ಮ ಸೊತ್ತಲ್ಲ, ಅಲ್ಲಾಹನು ತಮ್ಮ ಕೈಯಿಂದ ಅವರಿಗೆ ತಲುಪಿಸುತ್ತಿರುವ ಅವರದೇ ಪಾಲು, ಆದ್ದರಿಂದ ಅಲ್ಲಾಹನನ್ನು ಮಾತ್ರ ಸ್ತುತಿಸಬೇಕು ಎಂದು ತಿಳಿಸುತ್ತಿದ್ದರು. ಕೊಡುವವನ ಅಹಂಕಾರಕ್ಕೂ ಪಡೆಯುವವನ ನಾಚಿಕೆಗೂ ಅಲ್ಲಿ ಎಡೆಯಿರಲಿಲ್ಲ.

ನೂರು ದಿರ್ಹಮಿನ ಚೀಲ

ಅವರ ಪಾಠಕ್ಕೆ ಬರುತ್ತಿದ್ದ ಹುಡುಗರಲ್ಲಿ ಯಅಖೂಬ್ ಎಂಬವನೊಬ್ಬನಿದ್ದ. ಹಿಜರಿ 113ರಲ್ಲಿ ಕೂಫಾದಲ್ಲೇ ಹುಟ್ಟಿದವನು. ಪೂರ್ವಜರು ಮದೀನಾದ ಅನ್ಸಾರಿಗಳು, ಆದರೆ ಮನೆಯಲ್ಲಿ ಕಡುಬಡತನ. ತಂದೆ ಒಂದು ದಿನ ಮಗನನ್ನು ಪಾಠದಿಂದ ಎಬ್ಬಿಸಿ ಕರೆದೊಯ್ದರು. ಅಬೂ ಹನೀಫರ ರೊಟ್ಟಿ ಬೆಂದು ಸಿದ್ಧವಾಗಿದೆ, ನಮ್ಮದು ಹಾಗಲ್ಲ, ನೀನು ದುಡಿಯಬೇಕು ಎಂಬುದು ಆ ತಂದೆಯ ಮಾತಿನ ಸಾರ. ತಂದೆ ತೀರಿಹೋಗಿದ್ದರು, ತಾಯಿಯೇ ಅವನನ್ನು ಬಟ್ಟೆ ಒಗೆಯುವವನೊಬ್ಬನ ಬಳಿ ಕೆಲಸಕ್ಕೆ ಸೇರಿಸಿದ್ದರು, ಅವನು ಅಲ್ಲಿಂದ ತಪ್ಪಿಸಿಕೊಂಡು ಪಾಠಕ್ಕೆ ಬರುತ್ತಿದ್ದ ಎಂದೂ ಇನ್ನೊಂದು ವರದಿಯಿದೆ. ಎರಡರ ತಿರುಳೂ ಒಂದೇ. ಮನೆಯ ಹಸಿವು ಮಗುವಿನ ಕೈಹಿಡಿದು ಪಾಠದಿಂದ ಹೊರಗೆ ಎಳೆಯುತ್ತಿತ್ತು.

ಆ ತಂದೆಯನ್ನೋ ತಾಯಿಯನ್ನೋ ನಾವು ದೂರಬಹುದೇ? ನಮ್ಮ ಊರಿನಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗನನ್ನು ಗ್ಯಾರೇಜಿಗೆ, ಫಿಲೇಚರಿಗೆ ಕಳುಹಿಸುವ ತಂದೆಗೆ ಮಗನ ಮೇಲೆ ಪ್ರೀತಿಯಿಲ್ಲವೆಂದು ಹೇಳಲಾದೀತೇ?

ಹುಡುಗ ಕೆಲವು ದಿನ ಬಾರದಿದ್ದಾಗ ಇಮಾಮರು ಅವನ ಬಗ್ಗೆ ವಿಚಾರಿಸಿದರು. ಮತ್ತೆ ಬಂದಾಗ ಕಾರಣ ಕೇಳಿದರು. ಎಲ್ಲರೂ ಎದ್ದುಹೋದ ಮೇಲೆ ಅವನ ಕೈಗೆ ಒಂದು ಚೀಲ ಕೊಟ್ಟರು. ಅದರಲ್ಲಿ 100 ದಿರ್ಹಮ್ ಇತ್ತು. ಪಾಠ ಬಿಡಬೇಡ, ಮುಗಿದಾಗ ತಿಳಿಸು ಎಂದರು. ಆದರೆ ತಿಳಿಸುವ ಸಂದರ್ಭವೇ ಬರಲಿಲ್ಲ. ಹಣ ಮುಗಿಯುವ ಹೊತ್ತಿಗೆ ಮತ್ತೊಂದು ಚೀಲ ತಾನಾಗಿ ಬರುತ್ತಿತ್ತು. ಯಾರೋ ಅವರಿಗೆ ಲೆಕ್ಕ ತಲುಪಿಸುತ್ತಿದ್ದಾರೋ ಎಂಬಂತೆ! ಹುಡುಗ ಬಾಯಿಬಿಟ್ಟು ಕೇಳುವ ಅವಮಾನವನ್ನು ಅವರು ಒಮ್ಮೆಯೂ ಬರಗೊಡಲಿಲ್ಲ. ಜಾಮೀನು ಕೇಳಲಿಲ್ಲ, ಗಡುವು ಇಡಲಿಲ್ಲ, ಖಾತೆಯಲ್ಲಿ ಬರೆಯಲಿಲ್ಲ.

ಆ ಹುಡುಗನೇ ಮುಂದೆ ಇಮಾಮ್ ಅಬೂ ಯೂಸುಫ್(ರ) ಎಂದು ಲೋಕಪ್ರಸಿದ್ಧರಾದರು. ಖಲೀಫ ಹಾರೂನ್ ರಶೀದರ ಕಾಲದಲ್ಲಿ ಖಾಝಿಯುಲ್ ಖುಝಾತ್, ಅಂದರೆ ಮುಖ್ಯ ನ್ಯಾಯಾಧೀಶರ ಪದವಿ ಪಡೆದರು. ಇಸ್ಲಾಮೀ ಚರಿತ್ರೆಯಲ್ಲಿ ಆ ಹೆಸರಿನ ಪದವಿ ಮೊದಲು ದೊರೆತದ್ದು ಅವರಿಗೇ. ಖಲೀಫರಿಗಾಗಿ ಅವರು ಬರೆದ ಕಿತಾಬುಲ್ ಖರಾಜ್ ಎಂಬ ಗ್ರಂಥ ಭೂಕಂದಾಯ, ತೆರಿಗೆ ಮತ್ತು ಬೊಕ್ಕಸದ ನ್ಯಾಯದ ಕುರಿತಾದುದು. ರೈತನ ಮೇಲೆ ಅವನು ತಾಳಲಾಗದ ಭಾರ ಹೊರಿಸಬಾರದೆಂದು ಆ ಗ್ರಂಥದಲ್ಲಿ ಅವರು ದೊರೆಗೇ ಬುದ್ಧಿಹೇಳಿದರು. ಹಸಿವು ಕಂಡವರಿಗೆ ಮಾತ್ರ ಬರುವ ಧೈರ್ಯವದು. ಹಿಜರಿ 182ರಲ್ಲಿ ಅವರು ತೀರಿಕೊಂಡರು. ಕೂಫಾದ ರೇಷ್ಮೆ ಅಂಗಡಿಯಿಂದ ಹೊರಟ ಆ ಚೀಲಗಳ ಲಾಭವನ್ನು ಇಂದಿಗೂ ಕೋಟ್ಯಂತರ ಮುಸ್ಲಿಮರು ಉಣ್ಣುತ್ತಿದ್ದಾರೆ.

ಬಡ ವಿದ್ಯಾರ್ಥಿಗೆ ದಾರಿ ಮಾಡಿಕೊಟ್ಟವರು ಇವರೊಬ್ಬರೇ ಅಲ್ಲ. ಕರಾವಳಿಯ ನಮ್ಮ ಸಹೋದರರು ಅನುಸರಿಸುವ ಇಮಾಮ್ ಶಾಫಿಈ(ರ) ಮಕ್ಕಾದಲ್ಲಿ ಬೆಳೆದ ತಬ್ಬಲಿ. ಗುರುವಿಗೆ ಕೊಡಲು ತಾಯಿಯ ಬಳಿ ಏನೂ ಇರಲಿಲ್ಲ. ಗುರು ಇಲ್ಲದ ಹೊತ್ತಿನಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವುದೇ ಅವರ ಫೀಸಾಗಿತ್ತು. ಬದ್ರ್‌ನ ಯುದ್ಧದಲ್ಲಿ ಸೆರೆಸಿಕ್ಕವರ ಪೈಕಿ ಬಿಡುಗಡೆಯ ಹಣ ಕೊಡಲಾಗದ ಅಕ್ಷರಸ್ಥರು ಮದೀನಾದ ಮಕ್ಕಳಿಗೆ ಬರಹ ಕಲಿಸಿ ಮುಕ್ತರಾದುದನ್ನೂ ನೀವು ಬಲ್ಲಿರಿ.

ಸಾಲಗಾರನ ಗೋಡೆಯ ನೆರಳು

ಇಮಾಮರು ವ್ಯಾಪಾರದಲ್ಲಿ ಸಾಲ ಕೊಡುತ್ತಿದ್ದರು. ಸಾಲದ ವಿಷಯದಲ್ಲಿ ಅವರ ನಡತೆ ತಿಳಿಸುವ ಎರಡು ಘಟನೆಗಳು ಪ್ರಸಿದ್ಧವಾಗಿವೆ.

ಮೊದಲನೆಯದು: ಒಮ್ಮೆ ಅವರು ದಾರಿಯಲ್ಲಿ ಹೋಗುವಾಗ ಎದುರಿನಿಂದ ಬರುತ್ತಿದ್ದವನೊಬ್ಬ ಅವರನ್ನು ಕಂಡು ಥಟ್ಟನೆ ಬೇರೆ ದಾರಿ ಹಿಡಿದ. ಇಮಾಮರು ಅವನನ್ನು ಕರೆದು ಕಾರಣ ಕೇಳಿದರು. ಅವನು 10,000 ದಿರ್ಹಮ್ ಕೊಡಬೇಕಿತ್ತು. ದಿನ ಬಹಳ ಕಳೆದಿತ್ತು, ಕೊಡಲು ಶಕ್ತಿಯಿರಲಿಲ್ಲ, ಮುಖ ತೋರಿಸಲು ನಾಚಿಕೆಯಾಗಿತ್ತು. ಇಮಾಮರು ನಿಂತಲ್ಲೇ ಪೂರ್ತಿ ಸಾಲವನ್ನು ಬಿಟ್ಟುಕೊಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ತನ್ನನ್ನು ಕಂಡು ಅವನ ಮನಸ್ಸಿಗೆ ಆದ ಅಂಜಿಕೆಗಾಗಿ ತಾವೇ ಅವನಲ್ಲಿ ಕ್ಷಮೆ ಕೇಳಿದರು!

ಎರಡನೆಯದು: ಸುಡುಬಿಸಿಲಿನಲ್ಲಿ ಅವರು ಒಂದು ಮನೆಯ ಮುಂದೆ ನಿಂತಿದ್ದರು. ಪಕ್ಕದಲ್ಲೇ ಗೋಡೆಯ ನೆರಳು. ಆದರೂ ನೆರಳಿಗೆ ಸರಿಯಲಿಲ್ಲ. ಆ ಮನೆಯವನು ತಮಗೆ ಸಾಲ ಕೊಡಬೇಕಾದವನು, ಅವನ ಗೋಡೆಯ ನೆರಳನ್ನು ಪಡೆದರೂ ಅದು ಸಾಲದಿಂದ ಬಂದ ಲಾಭವಾಗಿ ಬಡ್ಡಿಯ ಸಾಲಿಗೆ ಸೇರೀತು ಎಂಬ ಭಯ ಅವರಿಗಿತ್ತೆಂದು ಹೇಳಲಾಗುತ್ತದೆ.

ಓದುಗರೇ, ಈಗ ನಮ್ಮ ಕಾಲಕ್ಕೆ ಬನ್ನಿ.

ಇಂದಿನ ಸಾಲದ ಪತ್ರ

ನಮ್ಮ ದೇಶದ ಬ್ಯಾಂಕುಗಳು 2001ರಿಂದ ಒಂದು ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ಅನುಸರಿಸುತ್ತಿವೆ. ಆ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಡವೆಂದಿತ್ತು. ಆದರೂ ತಂದೆಯೋ ತಾಯಿಯೋ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮಾತ್ರ ನಿದ್ರಿಸುವುದಿಲ್ಲ. ಕಡಿಮೆ ಆದಾಯದ ಕುಟುಂಬಗಳಿಗೆ ಆ ಅವಧಿಯ ಬಡ್ಡಿಯನ್ನು ತಾನೇ ಭರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2009ರಲ್ಲಿ ತಂದಿತು. ಹೊರದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಪಢೋ ಪರ್‌ದೇಶ್ ಯೋಜನೆ 2022-23ರಿಂದ ನಿಂತುಹೋಯಿತು. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ಅರಿವು ಎಂಬ ಯೋಜನೆಯಲ್ಲಿ ವೃತ್ತಿಶಿಕ್ಷಣದ ವಿದ್ಯಾರ್ಥಿಗಳಿಗೆ ಶೇ. 2ರ ಸೇವಾಶುಲ್ಕದ ಮೇಲೆ ಸಾಲ ಕೊಟ್ಟಿದೆ. ಎಷ್ಟೋ ರೀಲರುಗಳ, ಗೊಂಬೆ ಕೆಲಸದವರ ಮಕ್ಕಳು ಓದಿದ್ದು ಇಂತಹ ಹಣದಿಂದಲೇ. ಅದು ಉಪಕಾರವೇ ಸರಿ, ಆದರೆ ಅದೂ ಸಾಲವೇ.

ಇದನ್ನೆಲ್ಲಾ ಮನ್ನಾ ಮಾಡಬೇಕೆಂದು ಕೆಲವರು ಹೇಳುತ್ತಾರೆ. ಹೊಲ ಮಾರಿ, ಒಡವೆ ಮಾರಿ ಸಾಲ ತೀರಿಸಿದವನಿಗೆ ಅದರಿಂದ ಅನ್ಯಾಯವಾಗುವುದಿಲ್ಲವೇ ಎಂದು ಇನ್ನು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನರ ಮೇಲೆ ಸುಮಾರು 1.6 ಲಕ್ಷ ಕೋಟಿ ಡಾಲರ್ ಶಿಕ್ಷಣ ಸಾಲವಿದೆ. ಅದರಲ್ಲಿ ಒಂದಂಶವನ್ನು ಮನ್ನಾ ಮಾಡುವುದಾಗಿ 2022ರಲ್ಲಿ ಅಲ್ಲಿನ ಅಧ್ಯಕ್ಷರು ಘೋಷಿಸಿದರು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಅಷ್ಟು ದೊಡ್ಡ ಮೊತ್ತವನ್ನು ಬಿಟ್ಟುಕೊಡುವ ಅಧಿಕಾರ ಯಾರದು ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆಯಾಗಿತ್ತು. ಜರ್ಮನಿ ಬೇರೆ ದಾರಿ ಹಿಡಿಯಿತು. 2014ರ ಹೊತ್ತಿಗೆ ತನ್ನ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು.

ಇಮಾಮರ ಜೀವನ ನಮಗೆ ಇಲ್ಲಿ ಏನು ಕಲಿಸುತ್ತದೆ?

ಮೊದಲನೆಯದಾಗಿ, ಅಸಹಾಯಕ ಸಾಲಗಾರನನ್ನು ಬೆನ್ನಟ್ಟುವುದು ಮುಸ್ಲಿಮನ ಗುಣವಲ್ಲ. ಕಷ್ಟದಲ್ಲಿರುವವನಿಗೆ ಸಮಯ ಕೊಡಬೇಕೆಂದೂ, ಬಿಟ್ಟುಕೊಡುವುದು ಇನ್ನೂ ಉತ್ತಮವೆಂದೂ ಅಲ್ ಬಖರ ಅಧ್ಯಾಯದ 280ನೆಯ ಸೂಕ್ತದಲ್ಲಿ ಅಲ್ಲಾಹನು ತಿಳಿಸಿದ್ದಾನೆ. ಝಕಾತ್ ಪಡೆಯಲರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ಪ್ರವಾದಿ(ಸ)ರವರು ಆರಂಭದಲ್ಲಿ, ಸಾಲ ಬಿಟ್ಟು ಸತ್ತವನ ಜನಾಝಾ ನಮಾಝ್‌ಗೆ ನಿಲ್ಲುವ ಮೊದಲು ಆ ಸಾಲದ ಹೊಣೆ ಯಾರು ಹೊರುತ್ತಾರೆಂದು ವಿಚಾರಿಸುತ್ತಿದ್ದರು. ಬೊಕ್ಕಸಕ್ಕೆ ಹಣ ಬಂದ ಮೇಲೆ ಅಂಥವರ ಸಾಲವನ್ನು ತಾವೇ ಹೊತ್ತುಕೊಂಡರು. ಸಾಲದ ಗಾಂಭೀರ್ಯವೂ ಕರುಣೆಯೂ ಎರಡೂ ಇಲ್ಲಿವೆ.

ಎರಡನೆಯದಾಗಿ, ಶಕ್ತಿಯಿದ್ದೂ ತೀರಿಸದಿರುವುದು ಅಕ್ರಮವೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಕೈತುಂಬ ಸಂಬಳ ಪಡೆಯುತ್ತಾ, ಮನ್ನಾ ಆಗಬಹುದೆಂದು ಕಂತು ನಿಲ್ಲಿಸಿ, ಜಾಮೀನು ನಿಂತ ಮುದಿ ತಂದೆಯ ಮನೆಗೆ ನೋಟೀಸು ಬರುವಂತೆ ಮಾಡುವ ಮಗ ಯಾವ ಬಾಯಿಂದ ಮನ್ನಾ ಕೇಳುತ್ತಾನೆ? ಇಮಾಮರು ಬಿಟ್ಟುಕೊಟ್ಟದ್ದು ಶಕ್ತಿಯಿಲ್ಲದವನಿಗೆ. ಅವರು ಬಿಟ್ಟುಕೊಟ್ಟದ್ದು ತಮ್ಮದೇ ಹಣವನ್ನು. ನಿಗಮದ ಹಣ ಇನ್ನೊಬ್ಬ ಬಡ ವಿದ್ಯಾರ್ಥಿಗೆ ಸಲ್ಲಬೇಕಾದ ಅಮಾನತು. ಹಿಂದಿನವನು ತೀರಿಸಿದರೆ ಮುಂದಿನವನು ಓದುತ್ತಾನೆ. ಆದ್ದರಿಂದ ಉಳ್ಳವನಿಗೂ ಇಲ್ಲದವನಿಗೂ ಒಂದೇ ಮನ್ನಾ ಎಂಬುದು ನ್ಯಾಯವಲ್ಲ. ಕೆಲಸ ಸಿಗದವನಿಗೆ, ರೋಗಕ್ಕೆ ತುತ್ತಾದವನಿಗೆ, ಮನೆಯ ಆಧಾರ ಕಳೆದುಕೊಂಡವನಿಗೆ ಮನ್ನಾ ಮಾಡದಿರುವುದೂ ನ್ಯಾಯವಲ್ಲ. ಇಂಥವನ ಸಾಲ ಮನ್ನಾ ಆದರೆ ಹೊಲ ಮಾರಿ ತೀರಿಸಿದವನ ಹಕ್ಕೇನೂ ಕಡಿಮೆಯಾಗುವುದಿಲ್ಲ. ಅವನ ತ್ಯಾಗಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಇಮಾಮರು ವ್ಯಾಪಾರಿಗೆ ಸಾಲ ಕೊಟ್ಟರು, ಆದರೆ ಆ ವಿದ್ಯಾರ್ಥಿಗೆ ಕೊಟ್ಟದ್ದು ಸಾಲವಲ್ಲ. ವ್ಯಾಪಾರಿಯ ಲಾಭ ಅವನ ಮನೆಗೆ ಹೋಗುತ್ತದೆ. ವಿದ್ಯಾರ್ಥಿಯ ಲಾಭ ಇಡೀ ಊರಿಗೆ ಹಂಚಿಹೋಗುತ್ತದೆ. ಹಾಗಿರುವಾಗ ಅದರ ಖರ್ಚನ್ನು ಅವನೊಬ್ಬನೇ, ಅದೂ ಬಡ್ಡಿಯ ಸಮೇತ ಹೊರಬೇಕೆಂಬುದು ಯಾವ ನ್ಯಾಯ? ಸಾಲ ಹೊರಿಸಿ ಆಮೇಲೆ ಮನ್ನಾ ಮಾಡುವುದಕ್ಕಿಂತ, ಪ್ರತಿಭೆಯುಳ್ಳ ಬಡ ಮಗುವಿಗೆ ಸಾಲವೇ ಇಲ್ಲದಂತೆ ಸರ್ಕಾರಿ ಕಾಲೇಜಿನ ಬಾಗಿಲು ತೆರೆದಿಡುವುದು ಮೇಲು. ಇದಕ್ಕಾಗಿ ಸರ್ಕಾರವನ್ನು ಕೇಳುವುದು ನಮ್ಮ ಹಕ್ಕು. ಹೀಗೆ ಮಾಡಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಮಾಗಡಿ ತಾಲೂಕಿನ ವೀರಾಪುರದಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಯನ್ನು ಉಚಿತವಾಗಿ ಕೊಟ್ಟರು. ಒಳಿತು ಎಲ್ಲಿ ಕಂಡರೂ ಅದರಿಂದ ಕಲಿಯುವುದು ಸತ್ಯವಿಶ್ವಾಸಿಯ ಗುಣ.

ನಮ್ಮ ಕೈಯಲ್ಲಿರುವುದು

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕೇ? ಒಂದೇ ದಿನದ ಮದುವೆಗೆ, ಮಂಟಪಕ್ಕೆ, ಬಿರಿಯಾನಿಯ ಡೇಗುಗಳಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಊರುಗಳಲ್ಲಿ ಒಬ್ಬ ಹುಡುಗನ ಸೆಮಿಸ್ಟರ್ ಫೀಸಿಗೆ ಹಣವಿಲ್ಲ ಎಂದರೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸುವೆವು? ಪ್ರತಿಯೊಂದು ಜಮಾಅತ್ ತನ್ನ ಮೊಹಲ್ಲಾದಲ್ಲಿ ಓದುತ್ತಿರುವ ಬಡ ಮಕ್ಕಳ ಪಟ್ಟಿಯನ್ನು ಗೌಪ್ಯವಾಗಿ ಇಟ್ಟುಕೊಳ್ಳಲಿ. ಹನಫೀ ಮದ್ಹಬಿನಲ್ಲಿ ಝಕಾತಿನ ಹಣವನ್ನು ಅರ್ಹನ ಕೈಗೇ ಒಪ್ಪಿಸಿ ಅವನದಾಗಿಸಬೇಕು. ಅದನ್ನು ಕಟ್ಟಡಕ್ಕೆ ಬಳಸುವಂತಿಲ್ಲ. ಅರ್ಹ ವಿದ್ಯಾರ್ಥಿಗೆ, ಸಾಲದಲ್ಲಿ ಮುಳುಗಿದ ಪದವೀಧರನಿಗೆ ಅದನ್ನು ಕೊಡಲು ಅಡ್ಡಿಯಿಲ್ಲ. ವಿವರಗಳನ್ನು ನಿಮ್ಮ ಊರಿನ ಉಲಮಾಗಳಲ್ಲಿ ಕೇಳಿ ತಿಳಿಯಿರಿ. ಬಡ್ಡಿಯ ಸಾಲಕ್ಕೆ ಸಹಿ ಹಾಕುವ ಮೊದಲೂ ಅವರಲ್ಲಿ ಕೇಳಿ. ತಂದೆತಾಯಂದಿರು ಬರೀ ಪ್ರತಿಷ್ಠೆಗಾಗಿ, ಮಗುವಿಗೆ ಒಲವಿಲ್ಲದ ಕೋರ್ಸಿಗೆ ಸಾಲ ಮಾಡದಿರಲಿ. ಇನ್ನು ಓದಿ ಮೇಲೆ ಬಂದ ಮಕ್ಕಳೇ, ನಿಮ್ಮ ಮೊದಲ ಸಂಬಳದಿಂದಲೇ ಇನ್ನೊಬ್ಬ ಯಅಖೂಬನಿಗೆ ಒಂದು ಚೀಲ ಸಿದ್ಧಮಾಡಿ. ಅವನು ಬಾಯಿಬಿಟ್ಟು ಕೇಳುವ ಮೊದಲೇ ಅದು ಅವನ ಕೈಸೇರಲಿ.

ಇಮಾಮರ ಕೊನೆಯ ದಿನಗಳು ಸುಲಭವಾಗಿರಲಿಲ್ಲ. ಖಲೀಫ ಮನ್ಸೂರರು ಖಾಝಿಯ ಹುದ್ದೆ ವಹಿಸಿಕೊಳ್ಳಬೇಕೆಂದು ಒತ್ತಾಯಿಸಿದರು. ದೊರೆಯ ಇಷ್ಟಕ್ಕೆ ತಕ್ಕ ತೀರ್ಪು ಕೊಡಬೇಕಾದೀತೆಂದು ಅವರು ಒಪ್ಪಲಿಲ್ಲ. ಸೆರೆಮನೆ ಕಂಡರು. ಹಿಜರಿ 150ರಲ್ಲಿ, ಕ್ರಿ.ಶ. 767ರಲ್ಲಿ, ಬಗ್ದಾದಿನಲ್ಲಿ ನಿಧನರಾದರು. ಜನ ಎಷ್ಟು ಸೇರಿದರೆಂದರೆ ಜನಾಝಾ ನಮಾಝನ್ನು ಆರು ಬಾರಿ ನಿರ್ವಹಿಸಬೇಕಾಯಿತೆಂದು ವರದಿಯಿದೆ. ಮೂರು ಶತಮಾನಗಳ ಬಳಿಕ, ಕ್ರಿ.ಶ. 1067ರಲ್ಲಿ, ಅವರ ಸಮಾಧಿಯ ಪಕ್ಕದಲ್ಲಿ ಒಂದು ಮದ್ರಸ ತಲೆಯೆತ್ತಿತು. ಆ ಬಡಾವಣೆ ಇಂದಿಗೂ ಅವರ ನೆನಪಿನಲ್ಲಿ ಆಝಮಿಯ್ಯ ಎಂದೇ ಕರೆಯಲ್ಪಡುತ್ತದೆ.

ಅವರ ಅಂಗಡಿ ಉಳಿಯಲಿಲ್ಲ, ಬಟ್ಟೆಗಳೂ ಉಳಿಯಲಿಲ್ಲ. ಒಬ್ಬ ಬಡ ಹುಡುಗನ ಮೇಲೆ ಅವರು ಖರ್ಚು ಮಾಡಿದ್ದು ಮಾತ್ರ ಉಳಿಯಿತು. ನಮ್ಮ ದುಡಿಮೆಯಲ್ಲೂ ಅಂಥದೊಂದು ಪಾಲನ್ನು ಅಲ್ಲಾಹನು ಸ್ವೀಕರಿಸಲಿ. ಸಾಲದ ಹೊರೆಯಲ್ಲಿ ನಲುಗುತ್ತಿರುವ ನಮ್ಮ ಮಕ್ಕಳ ಕಷ್ಟವನ್ನು ಅವನು ನೀಗಿಸಲಿ. ಆಮೀನ್.